ಗಾಜಿನ ತೊಟ್ಟಿಯ ನೀರುಗಿಡಗಳು: ಗುರುತು ಮತ್ತು ಬೇಸಾಯ

ಭದ್ರಾ ನಾಲೆಯ ನೀರು ಹರಿದ ಮೇಲೆ ಕುಕ್ಕುವಾಡದ ಸುತ್ತಮುತ್ತ ಭತ್ತ, ಕಬ್ಬು, ಅಡಿಕೆಗಳಂತೆ ನೀರೊಳಗಿನ ಗಿಡಗಳಿಗೂ ನೆಲೆ ದೊರೆತಿದೆ. ಕಾಲುವೆ, ಕೆರೆ, ತೋಟದ ಹೊಂಡಗಳಲ್ಲಿ ಬೆಳೆಯುವ ಇವನ್ನೆಲ್ಲ ನಾವು ಒಟ್ಟಾಗಿ "ಪಾಚಿ" ಎಂದು ಕರೆದು ಕಿತ್ತೆಸೆಯುತ್ತೇವೆ. ಇವುಗಳಲ್ಲಿ ಕೆಲವನ್ನೇ ಪೇಟೆಯವರು ಮೀನಿನ ತೊಟ್ಟಿಗೆಂದು ಹಣ ಕೊಟ್ಟು ಕೊಳ್ಳುತ್ತಾರೆ. ಮಕ್ಕಳ ಆಸೆಗಾಗಿ ಮನೆಯಲ್ಲಿ ಗಾಜಿನ ತೊಟ್ಟಿ ಇಡುವ ಸದಸ್ಯ ಬಾಂಧವರು ಎರಡು ಮಾತು ನೆನಪಿಡಬೇಕು: ಗುರುತು ತಿಳಿಯದೆ ಗಿಡ ತರಬಾರದು; ಬೇಡವಾದ ಗಿಡವನ್ನು ನಾಲೆಗೆ ಎಸೆಯಬಾರದು.

ಗುರುತಿಸುವ ಬಗೆ

ಹೈಡ್ರಿಲ್ಲಾ: ಕಾಂಡದ ಪ್ರತಿ ಗೆಣ್ಣಿನಲ್ಲಿ 3ರಿಂದ 8 ಸಣ್ಣ ಎಲೆಗಳು ಸುತ್ತುಗಟ್ಟಿರುತ್ತವೆ. ಎಲೆಯಂಚು ಗರಗಸದಂತಿದ್ದು ಬೆರಳಿಗೆ ಒರಟಾಗಿ ತಾಗುತ್ತದೆ. ಇದನ್ನು ಹೋಲುವ ಎಜೀರಿಯಾ ದಕ್ಷಿಣ ಅಮೆರಿಕದ್ದು. ಅದರ ಎಲೆ ಹೆಚ್ಚು ಉದ್ದ, ಮುಟ್ಟಲು ನುಣುಪು.

ವ್ಯಾಲಿಸ್ನೇರಿಯಾ: ರಿಬ್ಬನ್ನಿನಂಥ ಉದ್ದನೆಯ ಎಲೆಗಳು ಬುಡದಿಂದಲೇ ಏಳುತ್ತವೆ. ಬಳ್ಳಿ ಹರಿದು ಮರಿ ಗಿಡಗಳಾಗುತ್ತವೆ. ಹೆಣ್ಣು ಹೂವಿನ ತೊಟ್ಟು ತೆಳ್ಳಗೆ ನೀರಿನ ಮೇಲ್ಮೈವರೆಗೆ ಏರಿ, ಪರಾಗಸ್ಪರ್ಶದ ನಂತರ ಸ್ಪ್ರಿಂಗಿನಂತೆ ಸುರುಳಿಗೊಳ್ಳುತ್ತದೆ.

ಸೆರಟೋಫಿಲ್ಲಂ: ಕವಲೊಡೆದ ಗಡುಸಾದ ಎಲೆಗಳು. ಬೇರೇ ಇಲ್ಲ, ತೇಲಿಬಿಟ್ಟರೆ ಸಾಕು.

ಲಿಮ್ನೋಫಿಲಾ: ನೂಲಿನಂತೆ ಸೀಳಿದ ಎಲೆಗಳು ಗೆಣ್ಣಿನ ಸುತ್ತಲೂ ಇರುತ್ತವೆ. ಇದನ್ನು ಹೋಲುವ ವಿದೇಶಿ ಕಬೊಂಬಾದಲ್ಲಿ ಬೀಸಣಿಗೆಯಂಥ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು, ಪ್ರತಿ ಎಲೆಗೂ ತೊಟ್ಟು ಇರುತ್ತದೆ.

ಕಾಫಿ ಸೀಮೆಯ ಸದಸ್ಯರಿಗೆ ಮತ್ತೆರಡು ಗಿಡಗಳ ಪರಿಚಯವಿರಬೇಕು. ಪಶ್ಚಿಮ ಘಟ್ಟದ ಹಳ್ಳಗಳ ಅಂಚಿನಲ್ಲಿ ಲ್ಯಾಜೆನಾಂಡ್ರಾ, ಕ್ರಿಪ್ಟೊಕೊರೈನ್ ಜಾತಿಗಳು ಬೆಳೆಯುತ್ತವೆ. ಎಳೆ ಎಲೆಯನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಲ್ಯಾಜೆನಾಂಡ್ರಾದಲ್ಲಿ ಎಲೆಯ ಎರಡೂ ಅಂಚುಗಳು ಒಳಕ್ಕೆ ಮಡಿಚಿರುತ್ತವೆ. ಕ್ರಿಪ್ಟೊಕೊರೈನಿನಲ್ಲಿ ಒಂದು ಅಂಚು ಇನ್ನೊಂದನ್ನು ಸುತ್ತಿಕೊಂಡಿರುತ್ತದೆ. ಇವನ್ನು ಕಾಡಿನ ಹಳ್ಳದಿಂದ ಕೀಳಬಾರದು. ಸಾಕಿದವರಿಂದ ಒಂದು ಮರಿ ಪಡೆದರೆ ಸಾಕು.

ಡ್ರಸೀನಾ, ಅಗ್ಲೋನಿಮಾ ಮೊದಲಾದ ನೆಲದ ಗಿಡಗಳನ್ನೂ ನೀರುಗಿಡವೆಂದು ಮಾರುವುದುಂಟು. ಇವು ಕೆಲವು ವಾರ ಹಸಿರಾಗಿದ್ದು ಕೊಳೆತು ನೀರನ್ನು ಕೆಡಿಸುತ್ತವೆ. ನೀರೊಳಗೇ ಬೆಳೆದ ಗಿಡ ಹೊರತೆಗೆದೊಡನೆ ಜೋಲುಬೀಳುತ್ತದೆ; ನೆಲದ ಗಿಡ ಸೆಟೆದು ನಿಲ್ಲುತ್ತದೆ.

ಬೆಳೆಸುವ ಕ್ರಮ

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ತಳದಲ್ಲಿ ಒಂದು ಅಂಗುಲ ಕೆರೆಗೋಡು, ಅದರ ಮೇಲೆ ಚೆನ್ನಾಗಿ ತೊಳೆದ ಮರಳು ಎರಡು ಅಂಗುಲ ಹಾಕಬೇಕು. ಕೊಟ್ಟಿಗೆ ಗೊಬ್ಬರ, ಯೂರಿಯಾ ಬೇಡ. ಅವುಗಳಿಂದ ನಿಜವಾದ ಪಾಚಿ ಹೆಚ್ಚುತ್ತದೆ, ಮೀನು ಸಾಯುತ್ತದೆ. ದಿನಕ್ಕೆ 8ರಿಂದ 10 ಗಂಟೆ ಬೆಳಕು ಸಾಕು. ನೇರ ಬಿಸಿಲು ಬೀಳಬಾರದು.

ವ್ಯಾಲಿಸ್ನೇರಿಯಾ ನೆಡುವಾಗ ಬೇರು ಮಾತ್ರ ಮರಳಿನಲ್ಲಿರಬೇಕು. ಸುಳಿ ಮುಚ್ಚಿದರೆ ಕೊಳೆಯುತ್ತದೆ. ಹೈಡ್ರಿಲ್ಲಾ, ಲಿಮ್ನೋಫಿಲಾಗಳ 4ರಿಂದ 6 ಅಂಗುಲದ ತುಂಡುಗಳ ಕೆಳ ಎಲೆ ತೆಗೆದು ಬಿಡಿಬಿಡಿಯಾಗಿ ನೆಡಬೇಕು. ಕ್ರಿಪ್ಟೊಕೊರೈನ್ ಜಾಗ ಬದಲಿಸಿದಾಗ ಎಲೆಗಳೆಲ್ಲ ಕರಗಿಹೋಗಬಹುದು. ಸತ್ತಿತೆಂದು ಕೀಳಬೇಡಿ, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಗಡಸು ನೀರನ್ನು ವ್ಯಾಲಿಸ್ನೇರಿಯಾ ತಾಳಿಕೊಳ್ಳುತ್ತದೆ. ಮಲೆನಾಡಿನ ಗಿಡಗಳಿಗೆ ಕೊಳವೆಬಾವಿಯ ಗಡಸು ನೀರಿನೊಡನೆ ಮಳೆನೀರು ಬೆರೆಸುವುದು ಒಳ್ಳೆಯದು.

ಹೊಸ ಗಿಡವನ್ನು ಎರಡು ವಾರ ಬೇರೆ ಪಾತ್ರೆಯಲ್ಲಿಟ್ಟು, ಬಸವನಹುಳುವಿನ ಮೊಟ್ಟೆಗಳಿವೆಯೇ ಎಂದು ನೋಡಿ ನಂತರ ತೊಟ್ಟಿಗೆ ಬಿಡಬೇಕು.

ಅಡಿಕೆ ಬೆಳೆಗಾರರಿಗೆ ಒಂದು ವಿಶೇಷ ಎಚ್ಚರಿಕೆ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತವಿರುತ್ತದೆ. ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ನೀರುಗಿಡಕ್ಕೆ, ಮೀನಿಗೆ ವಿಷ. ಆ ಬಕೆಟ್ಟು, ಡ್ರಮ್ಮುಗಳನ್ನು ಎಷ್ಟು ತೊಳೆದರೂ ಮೀನಿನ ತೊಟ್ಟಿಗೆ ಬಳಸಕೂಡದು.

ನಾಲೆಗೆ ಎಸೆಯಬೇಡಿ

ನಮ್ಮ ಕೆರೆಗಳ ಹೈಡ್ರಿಲ್ಲಾ 1950ರ ದಶಕದಲ್ಲಿ ಮೀನಿನ ತೊಟ್ಟಿಯ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ತಲುಪಿತು. 1960ರ ವೇಳೆಗೆ ಅಲ್ಲಿನ ಹೊಳೆ, ಕಾಲುವೆಗಳಲ್ಲಿ ಕಾಣಿಸಿಕೊಂಡು ದೊಡ್ಡ ಪಿಡುಗಾಯಿತು. ಒಂದು ಗೆಣ್ಣಿನ ತುಂಡೂ ಗಿಡವಾಗುತ್ತದೆ. ಕೆಸರಿನಲ್ಲಿರುವ ಗೆಡ್ಡೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಅದೇ ರೀತಿ ದಕ್ಷಿಣ ಅಮೆರಿಕದಿಂದ ನಮ್ಮಲ್ಲಿಗೆ ನೀಲಿ ಹೂವಿನ ಐಕಾರ್ನಿಯಾ, ತೇಲುವ ಸಾಲ್ವೀನಿಯಾ ಬಂದು ಕೆರೆಗಳನ್ನು ಮುಚ್ಚಿವೆ. ಅವನ್ನು ತಿನ್ನುವ ಮೂತಿಹುಳುಗಳನ್ನು 1980ರ ದಶಕದಲ್ಲಿ ಹೊರದೇಶದಿಂದ ತರಿಸಿ ಬೆಂಗಳೂರಿನಲ್ಲಿ ಬಿಡಬೇಕಾಯಿತು.

ಎಜೀರಿಯಾ, ಕಬೊಂಬಾಗಳ ಒಂದು ಹಿಡಿ ನಾಲೆಗೆ ಬಿದ್ದರೂ ತೂಬು ಕಟ್ಟಿ, ಕೊನೆಯ ಭಾಗದ ರೈತನಿಗೆ ನೀರು ತಲುಪದಿರುವ ಅಪಾಯವುಂಟು. ಆದುದರಿಂದ ಬೇಡವಾದ ಗಿಡಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ನೀರಿನಿಂದ ದೂರದ ಗೊಬ್ಬರದ ಗುಂಡಿಗೆ ಹಾಕಿರಿ. ತೊಟ್ಟಿ ತೊಳೆದ ನೀರನ್ನೂ ಕಾಲುವೆಗೆ ಬಿಡದೆ ಮನೆಯ ತೆಂಗಿನ ಬುಡಕ್ಕೆ ಸುರಿಯಿರಿ. ಸಾಧ್ಯವಾದಷ್ಟೂ ನಮ್ಮ ನೀರಿನ ಗಿಡಗಳನ್ನೇ ಸಾಕಿರಿ. ಅವು ನಮ್ಮ ಹವೆಗೆ ಒಗ್ಗಿದವು, ಖರ್ಚೂ ಇಲ್ಲ.