ಮರಕ್ಕೆ ಪರಿಹಾರ ಉಂಟು, ಕೆರೆಗೆ ಯಾರು?

ಮಡಿಕೇರಿ, ಮೈಸೂರು ದಾರಿಯಾಗಿ ಬೆಂಗಳೂರಿಗೆ ಹೋಗುವ ನಮ್ಮ ಕರಾವಳಿಯವರಿಗೆ ಮಂಡ್ಯ ಅಂದರೆ ಕಬ್ಬು, ಮದ್ದೂರು ಅಂದರೆ ವಡೆ. ಹೊಸ ಹೆದ್ದಾರಿ ಬಂದ ಮೇಲೆ ಆ ವಡೆಯೂ ಹಲವರಿಗೆ ತಪ್ಪಿದೆ. ಹಳೆಯ ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಕ್ಕೆ ತಿರುಗಿದರೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಒಂದು ಊರಿನ ಜನ ಮತ್ತು ಸರಕಾರ ಒಟ್ಟಾದರೆ ಏನಾಗುತ್ತದೆ, ಎಲ್ಲಿ ಸಾಲದಾಗುತ್ತದೆ ಎಂದು ತಿಳಿಯಲು ನಾವು ನೋಡಬೇಕಾದ ಊರು ಇದು.

ಇಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಮನೆಯಂಗಳದ ಹುಣಸೆ ಮರದಲ್ಲಿವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಪ್ರತಿವರ್ಷ ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಮೊದಲು ಊರು ಶಿಂಷಾ ನದಿಯ ದಡದಲ್ಲೇ ಇತ್ತಂತೆ. 1916ರ ಹೊತ್ತಿಗೆ ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಎದ್ದು ಬಂದರು, ಹಕ್ಕಿಗಳೂ ಹಿಂದೆಯೇ ಬಂದವು ಅಂತ ಊರವರು ಹೇಳುತ್ತಾರೆ. ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಆದರೆ ಗೂಡು ತುಂಬಿದ ಮರದಿಂದ ಹುಣಸೆ ಕೀಳುವ ಹಾಗಿಲ್ಲ, ಫಸಲು ಹೋಯಿತು ಅಂತಲೇ ಲೆಕ್ಕ. ಬಡವ ಎಷ್ಟು ವರ್ಷ ಸಹಿಸಿಯಾನು? 1976ರಲ್ಲಿ ಇಲ್ಲಿಗೆ ಬಂದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಪ್ರಯತ್ನದಿಂದ ಮರದ ಮಾಲಕರಿಗೆ ಪರಿಹಾರ ಕೊಡುವ ಕ್ರಮ ಶುರುವಾಯಿತು. 1994ರಲ್ಲಿ ಮೈಸೂರಿನ ಪಕ್ಷಿಪ್ರಿಯರ ಜೊತೆ ಸೇರಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕತೊಡಗಿದರು.

2007ರಲ್ಲಿ ಇದು 'ಸಮುದಾಯ ಮೀಸಲು ಪ್ರದೇಶ' ಆಯಿತು. ಹೆಸರು ದೊಡ್ಡದು, ಒಳಗಿನ ಲೆಕ್ಕ ಸರಳ. ಇಂಥ ಪ್ರದೇಶದ ಸಮಿತಿಯಲ್ಲಿ ಊರಿನ ಕಡೆಯಿಂದ ಐವರು, ಅರಣ್ಯ ಇಲಾಖೆಯಿಂದ ಒಬ್ಬರು ಇರಬೇಕೆಂದು ವನ್ಯಜೀವಿ ಕಾನೂನು ಹೇಳಿತ್ತು. ಐದಕ್ಕೆ ಒಂದು! ನಮ್ಮಲ್ಲಿ ಎಷ್ಟು ಸಮಿತಿಗಳಲ್ಲಿ ಈ ಲೆಕ್ಕ ಉಂಟು ಹೇಳಿ.

ಇಷ್ಟೆಲ್ಲ ಇದ್ದೂ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸಾಯತೊಡಗಿದವು. ಹತ್ತಾರು ಸತ್ತವು. ಮರಣೋತ್ತರ ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳ ರಾಶಿ. ಈ ಹುಳು ಹಕ್ಕಿಗೆ ಬರುವುದು ತಿಂದ ಮೀನಿನಿಂದ. ಮೀನು ಇರುವುದು ತೈಲೂರು ಕೆರೆ, ಮದ್ದೂರು ಕೆರೆಯಂಥ ಸುತ್ತಲಿನ ಕೆರೆಗಳಲ್ಲಿ, ಶಿಂಷೆಯಲ್ಲಿ. ಅಂದರೆ ಗೂಡು ಇರುವ ಮರವನ್ನು ಊರು ಕಾದಿತು, ಊಟ ಇರುವ ನೀರು ಊರಿನ ಕೈಯಲ್ಲಿ ಇರಲಿಲ್ಲ.

ಹಾಗಾದರೆ ಯಾರ ಕೈಯಲ್ಲಿ? ಇಲ್ಲೇ ಕಷ್ಟ. ನಲವತ್ತು ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯತ್‌ನದ್ದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದ್ದು. ಮೀನು ಹಿಡಿಯುವ ಗುತ್ತಿಗೆ ದೊಡ್ಡ ಕೆರೆಗಾದರೆ ಮೀನುಗಾರಿಕೆ ಇಲಾಖೆ, ಚಿಕ್ಕದಕ್ಕೆ ಗ್ರಾಮ ಪಂಚಾಯತ್. ಹಕ್ಕಿ ಮಾತ್ರ ಅರಣ್ಯ ಇಲಾಖೆಯದ್ದು. ಕೆರೆಗೆ ಕೊಳಚೆ ಬಿಡಬಾರದು, ಕಸ ಸುರಿಯಬಾರದು, ಒತ್ತುವರಿ ಮಾಡಬಾರದು ಅಂತ 2014ರ ಕೆರೆ ಸಂರಕ್ಷಣೆ ಕಾಯ್ದೆ ಹೇಳುತ್ತದೆ. ಹೇಳಿದರೆ ಸಾಕೇ? ಊರಿನ ತೋಡಿಗೆ ಕೋಳಿ ಅಂಗಡಿಯ ಗೋಣಿಚೀಲ ರಾತ್ರಿ ಬಂದು ಬೀಳುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇವರಾಯನದುರ್ಗದ ಕಡೆ ಹುಟ್ಟುವ ಶಿಂಷೆ ಮದ್ದೂರು ದಾಟಿ, ಮಳವಳ್ಳಿ ತಾಲೂಕಿನಲ್ಲಿ ಶಿವನಸಮುದ್ರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ಅದೇ ಮಳವಳ್ಳಿಯ ದಾಸನದೊಡ್ಡಿಯಲ್ಲಿ ಕಾಮೇಗೌಡರು ಇದ್ದರು. ಕುರಿ ಮೇಯಿಸುವವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ಕುಡಿಯಲು ನೀರಿಲ್ಲ ಅಂತ ಕುರಿ ಮಾರಿ ಕಟ್ಟೆ ತೋಡಿಸಿದರು, ಪ್ರಶಸ್ತಿಯ ಹಣವನ್ನೂ ಅದಕ್ಕೇ ಹಾಕಿದರು. 2020ರ ಜೂನ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಅವರ 16 ಕಟ್ಟೆಗಳ ಬಗ್ಗೆ ಮಾತಾಡಿದರು. ಸಾರಿಗೆ ನಿಗಮ ಆಜೀವ ಉಚಿತ ಬಸ್ ಪಾಸ್ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಬಸ್ ಪಾಸ್ ಕೊಟ್ಟದ್ದು ಒಳ್ಳೆಯದೇ. ಆದರೆ ಪಾಸ್ ಮನುಷ್ಯನಿಗೆ, ಕಟ್ಟೆಗೆ ಅಲ್ಲ. ಪ್ರತಿ ಮಳೆಗೆ ಬೆಟ್ಟದ ಮಣ್ಣು ಇಳಿದು ಕಟ್ಟೆ ತುಂಬುತ್ತದೆ, ಹೂಳು ಎತ್ತದಿದ್ದರೆ ಕೆಲವೇ ವರ್ಷಗಳಲ್ಲಿ ಅದು ಬಯಲು. ಒಬ್ಬ ಮನುಷ್ಯನ ಹಟದಿಂದ ಆದದ್ದನ್ನು ಅವನ ನಂತರ ಉಳಿಸಲು ಊರಿಗೊಂದು ವ್ಯವಸ್ಥೆ ಬೇಕು. ಬೆಳ್ಳೂರಿನಲ್ಲಿ ಮರಕ್ಕೆ ಅಂಥ ವ್ಯವಸ್ಥೆ ಇದೆ, ಹಣವೂ ಇದೆ, ಅದಕ್ಕೇ ನೇಗಿನಹಾಳರು ಹೋದ ಮೇಲೂ ನಡೆಯುತ್ತಿದೆ.

ಹೂಳು ಎತ್ತುವ ಕೆಲಸಕ್ಕೆ ಉದ್ಯೋಗ ಖಾತರಿಯಲ್ಲಿ ದಾರಿ ಉಂಟಲ್ಲ ಅಂತ ನಾವು ಯಾವಾಗಲೂ ಹೇಳುವುದು. ದಾರಿ ಉಂಟು. ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಆ ಕಟ್ಟೆಯ ಹೆಸರು ಬರೆಸಬೇಕು. ಬೆಳ್ಳೂರಿನ ಸಮಿತಿಗೂ ಅಷ್ಟೇ, ಸಭೆಗೆ ಸಣ್ಣ ನೀರಾವರಿಯವರನ್ನೂ ಮೀನುಗಾರಿಕೆಯವರನ್ನೂ ಒಂದು ಕುರ್ಚಿ ಹಾಕಿ ಕರೆದು, ಆ ವರ್ಷ ತೈಲೂರು ಕೆರೆಯ ಗುತ್ತಿಗೆ ಯಾರಿಗೆ ಹೋಯಿತು, ಕೆರೆಗೆ ಏನು ಸುರಿದರು ಅಂತ ಕೇಳುವ ಅವಕಾಶ ಬೇಕು. ಕೇಳುವ ಹಕ್ಕು ಹುಣಸೆ ಬಿಟ್ಟುಕೊಟ್ಟವರಿಗೆ ಇಲ್ಲದೆ ಇನ್ಯಾರಿಗೆ?