ರಾಜಾಬಾಯಿ ಗೋಪುರ: ಒಂದು ದಾನದ ಹಿನ್ನೆಲೆ

ಮುಂಬಯಿ ವಿಶ್ವವಿದ್ಯಾನಿಲಯದ ಫೋರ್ಟ್ ಆವರಣದಲ್ಲಿ 280 ಅಡಿ ಎತ್ತರಕ್ಕೆ ನಿಂತಿರುವ ರಾಜಾಬಾಯಿ ಗೋಪುರವನ್ನು ಕೇವಲ ಗಡಿಯಾರದ ಗೋಪುರವೆಂದು ನಾವು ಪರಿಗಣಿಸಲಾಗದು. ಹತ್ತಿಯ ವ್ಯಾಪಾರಿ ಪ್ರೇಮಚಂದ ರಾಯಚಂದರು 1864ರಲ್ಲಿ ಗ್ರಂಥಾಲಯಕ್ಕೆಂದು ಎರಡು ಲಕ್ಷ ರೂಪಾಯಿಗಳನ್ನೂ ಆ ಬಳಿಕ ಗೋಪುರಕ್ಕೆಂದು ಮತ್ತೆರಡು ಲಕ್ಷವನ್ನೂ ದಾನವಿತ್ತರು. ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯವರ ಹೆಸರನ್ನಿಡಲಾಯಿತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಭಾರತದ ಹತ್ತಿಗೆ ಬೆಲೆಯೇರಿದಾಗ ಮುಂಬಯಿಯಲ್ಲಿ ಶೇಖರಗೊಂಡ ಸಂಪತ್ತು ಇದರ ಮೂಲ. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ದಾನಿಯೇ ದಿವಾಳಿಯಾದರು. ಆದರೆ ದಾನ ಉಳಿಯಿತು. ಜಾರ್ಜ್ ಗಿಲ್ಬರ್ಟ್ ಸ್ಕಾಟರ ವಿನ್ಯಾಸದಂತೆ 1869ರಲ್ಲಿ ಆರಂಭವಾದ ಗೋಪುರವು 1878ರಲ್ಲಿ ಪೂರ್ಣಗೊಂಡಿತು.

ಈ ಇತಿಹಾಸದಲ್ಲಿ ಕನ್ನಡನಾಡಿಗೂ ಪಾಲುಂಟು. ಅಂದು ಮುಂಬಯಿ ಪೇಟೆಗೆ ಬರುತ್ತಿದ್ದ ಹತ್ತಿಯಲ್ಲಿ ಧಾರವಾಡ ಸೀಮೆಯ ಬೆಳೆಯೂ ಸೇರಿದ್ದಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಸ್ಥಾಪನೆಯಾಗುವವರೆಗೆ ಧಾರವಾಡ, ಬೆಳಗಾವಿಗಳ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದವು. ಆದುದರಿಂದ ಉತ್ತರ ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಈ ಗೋಪುರದ ನೆರಳಿನಿಂದಲೇ ತಮ್ಮ ಶೋಧವನ್ನು ತೊಡಗಬೇಕೆಂಬುದು ನಮ್ಮ ಅಭಿಮತ.