ವಖಾರಿಯಿಂದ ಕಾಡಿಗೆ ನಡೆದ ಮಾತು

ಶಿರಸಿಯ ಅಡಿಕೆ ವಖಾರಿಯಲ್ಲಿ ಟೆಂಡರಿನ ಹೊತ್ತಿಗೆ ಒಂದು ಗಳಿಗೆ ನಿಂತು ನೋಡಿದವರಿಗೆ ಈ ಸಂಗತಿ ಕಣ್ಣಿಗೆ ಬೀಳದೆ ಇರದು: ಒಂದೇ ತೋಟದಲ್ಲಿ ಒಂದೇ ನೀರುಂಡು ಬೆಳೆದ ಅಡಿಕೆಯು ರಾಶಿಯೆಂದೂ ಚಾಲಿಯೆಂದೂ ಬೆಟ್ಟೆಯೆಂದೂ ಗೋಟೆಂದೂ ವಿಂಗಡಗೊಂಡು, ಒಂದೊಂದು ಬಗೆಯೂ ತನ್ನ ಗುಣವನ್ನರಿತ ಕೊಳ್ಳುವವನನ್ನು ಕಾದುಕೊಂಡಿರುತ್ತದೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಒಂದೇ ದರಕ್ಕೆ ಮಾರಹೊರಟ ಬೆಳೆಗಾರನನ್ನು ಈ ಸೀಮೆ ಕಂಡಿಲ್ಲ. ಈ ವಿಂಗಡಣೆಯ ವಿವೇಕವೇ ಮಾತಿಗೂ ಅನ್ವಯವಾದಾಗ ಏನಾಯಿತು, ಒಂದು ಸಂಸ್ಥೆಯೂ ಅದರ ಹಿಂದೆ ಒಂದು ಚಳವಳಿಯೂ ತಮ್ಮ ಅಹವಾಲನ್ನು ಯಾರಿಗೆ, ಯಾವಾಗ, ಯಾವ ಭಾಷೆಯಲ್ಲಿ, ಯಾರ ಬಾಯಿಂದ ಮುಟ್ಟಿಸಬೇಕೆಂಬುದನ್ನು ಹೇಗೆ ಕಲಿತವು ಎಂಬ ವೃತ್ತಾಂತವನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಈಗ ಆಡಳಿತ ವಿದ್ಯೆಯ ಶಾಲೆಗಳಲ್ಲಿ ಸಂವಹನ ಯೋಜನೆಯೆಂಬ ಹೆಸರಿನಿಂದ ಬೋಧಿಸಲ್ಪಡುವ ವಿಷಯಕ್ಕೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಣ್ಣಿನಲ್ಲಿಯೇ ಒಂದು ಪೂರ್ವಚರಿತ್ರೆಯಿದೆ.

ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ಜನರ ಬಾಯಲ್ಲಿ ಟಿಎಸ್‌ಎಸ್, ಶಿರಸಿಯಲ್ಲಿ ಸ್ಥಾಪಿತವಾದದ್ದು 1923ರಲ್ಲಿ. ಬೆಳೆಗಾರನಿಗೆ ತನ್ನ ಬೆಳೆಯ ನ್ಯಾಯವಾದ ದರ ದೊರಕಿಸುವುದು ಅದರ ಮೂಲೋದ್ದೇಶ. ಆದರೆ ಸಹಕಾರಿ ಸಂಸ್ಥೆಯ ಸ್ವಭಾವವೇ ಒಂದು ಬಗೆಯ ಶಿಕ್ಷಣವಾಗಿರುತ್ತದೆ. ಮಾಲೀಕನೂ ಗಿರಾಕಿಯೂ ಒಬ್ಬನೇ ಆಗಿರುವಲ್ಲಿ ದರ ಇಳಿದುದೇಕೆಂದು, ಸಾಲ ತಡವಾದುದೇಕೆಂದು ಪ್ರತಿಯೊಬ್ಬ ಸದಸ್ಯನಿಗೂ ಅವನಿಗೆ ತಿಳಿಯುವ ಹಾಗೆ ಹೇಳದೆ ಗತ್ಯಂತರವಿಲ್ಲ, ಹೇಳದಿದ್ದರೆ ವಾರ್ಷಿಕ ಸಭೆಯಲ್ಲಿ ಅವನು ಎದ್ದು ನಿಂತು ಕೇಳಿಯೇ ಕೇಳುತ್ತಾನೆ. ಇದರ ಜೊತೆಗೆ ಇನ್ನೊಂದು ಸ್ಮೃತಿಯೂ ಈ ಜನರಲ್ಲಿತ್ತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ರೈತರು ಕರನಿರಾಕರಣೆಯ ಸತ್ಯಾಗ್ರಹಕ್ಕಿಳಿದು ಭೂಮಿಯನ್ನೇ ಕಳೆದುಕೊಂಡಾಗ, ಜಪ್ತಿಯಾದ ಜಮೀನನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತಿದ್ದರು. ಅವರು ಉದ್ದೇಶಿಸಿದ ಶ್ರೋತೃ ದೂರದ ಬ್ರಿಟಿಷ್ ಸರ್ಕಾರವಾಗಿರದೆ ನೆರೆಮನೆಯವನೇ ಆಗಿದ್ದನೆಂಬುದನ್ನು ಗಮನಿಸಬೇಕು.

ಧಾರವಾಡದ ಕಡೆ ಹುಟ್ಟಿ, ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ, ಗಂಗಾವಳಿಯೆಂಬ ಹೆಸರು ತಾಳಿ ಸಮುದ್ರ ಸೇರುವ ಬೇಡ್ತಿ ನದಿಗೆ ಜಲವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ 1970ರ ದಶಕದ ಕೊನೆಗೆ ಸನ್ನಿಹಿತವಾದಾಗ, ಮುಳುಗಡೆಯ ಭೀತಿ ತೋಟದಿಂದ ತೋಟಕ್ಕೆ ಹಬ್ಬಿತು. ಮುಳುಗಡೆಯೆಂದರೇನೆಂದು ಇಲ್ಲಿಯವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಿದ್ದಾಪುರದ ಅಂಚಿನಲ್ಲಿಯೇ ಹರಿಯುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟು ಬಿದ್ದು ಊರೂರುಗಳೇ ನೀರ ಕೆಳಗೆ ಹೋದದ್ದು ಆಗಿನ್ನೂ ಹಸಿ ನೆನಪು. ಇಂಥ ಸಂದರ್ಭದಲ್ಲಿ ರೂಢಿಯ ಮಾರ್ಗವೆಂದರೆ ಮನವಿ ಬರೆದು, ಸಹಿ ಸಂಗ್ರಹಿಸಿ, ಬೆಂಗಳೂರಿಗೆ ನಿಯೋಗ ಒಯ್ಯುವುದು. ಸರ್ಕಾರದ ಬಳಿಯಿದ್ದುದು ಲೆಕ್ಕ: ಇಷ್ಟು ಮೆಗಾವ್ಯಾಟ್, ಇಷ್ಟು ವೆಚ್ಚ, ಇಷ್ಟು ಲಾಭ. ಬೆಳೆಗಾರರ ಬಳಿಯಿದ್ದುದು ಸಂಕಟ. ಸಂಕಟಕ್ಕೆ ಅಧಿಕಾರಿಯ ಕಡತದಲ್ಲಿ ಬರೆದುಕೊಳ್ಳುವ ಕಲಮು ಇರಲಿಲ್ಲ.

ಟಿಎಸ್‌ಎಸ್ ಇಲ್ಲಿ ಇಟ್ಟ ಹೆಜ್ಜೆಯನ್ನು ನಾನು ಈ ಚರಿತ್ರೆಯ ಮಹತ್ವದ ತಿರುವೆಂದು ಎಣಿಸುತ್ತೇನೆ. ಅಡಿಕೆ ಮಾರುವ ಸೊಸೈಟಿಯೊಂದು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರ ಬಲ್ಲವರನ್ನೂ ಕರೆಸಿ, ಯೋಜನೆಯ ಲಾಭನಷ್ಟವನ್ನು ಮತ್ತೊಮ್ಮೆ ಲೆಕ್ಕ ಹಾಕಿಸಿತು. ಮುಳುಗುವ ಕಾಡಿನ ಬೆಲೆ, ತೋಟದ ಬೆಲೆ, ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟದ ಬೆಲೆ, ಇವು ಯಾವುವೂ ಸರ್ಕಾರದ ಜಮಾಖರ್ಚಿನಲ್ಲಿ ತಕ್ಕ ಸ್ಥಾನ ಪಡೆದಿರಲಿಲ್ಲವೆಂದು ಆಳುವವರ ಭಾಷೆಯಲ್ಲಿಯೇ ತೋರಿಸಿತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ದೊಡ್ಡ ಅಣೆಕಟ್ಟುಗಳನ್ನು ಕುರಿತ ವಿಚಾರಸಂಕಿರಣ ನಡೆಯಿತು. ಅಲ್ಲಿಯ ಪ್ರಬಂಧಗಳು ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂಬ ಇಂಗ್ಲಿಷ್ ಗ್ರಂಥವಾಗಿ ಗಾಂಧಿ ಶಾಂತಿ ಪ್ರತಿಷ್ಠಾನದ ಆಶ್ರಯದಲ್ಲಿ ಅದೇ ವರ್ಷ ಹೊರಬಂದವು. ದೆಹಲಿಯಲ್ಲೋ ಬೆಂಗಳೂರಿನಲ್ಲೋ ನಡೆಯಬಹುದಾಗಿದ್ದ ಸಭೆ ಶಿರಸಿಯಲ್ಲಿಯೇ ನಡೆದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಮುಳುಗಲಿದ್ದ ಕಣಿವೆಗೆ ಸಮೀಪದಲ್ಲಿ ಕುಳಿತು ಅಂಕಿಗಳನ್ನು ಚರ್ಚಿಸುವವನಿಗೆ, ಆ ಅಂಕಿಗಳ ಹಿಂದಿರುವ ಮರ, ಮನೆ, ಮನುಷ್ಯರು ಮರೆಯಾಗಲಾರರು. ಯೋಜನೆ ಕಾರ್ಯರೂಪಕ್ಕೆ ಬರಲಿಲ್ಲ.

ಆದರೂ ಆ ಗ್ರಂಥವನ್ನು ಓದಬಲ್ಲವರು ಎಷ್ಟು ಮಂದಿ? ತೋಟದ ಒಡೆಯನಿಗೆ ಅದರ ತಾತ್ಪರ್ಯ ತಿಳಿದೀತು. ಬೆಟ್ಟದಿಂದ ಸೊಪ್ಪು ಹೊರುವ ಆಳಿಗೆ, ದರಕು ಗುಡಿಸುವ ಹೆಂಗಸಿಗೆ, ಕಂತ್ರಾಟುದಾರನ ಕೂಲಿಗೆ ಕೊಡಲಿ ಹಿಡಿಯುವವನಿಗೆ ಅದು ತಲುಪುವ ಬಗೆಯೆಂತು? ಈ ಪ್ರಶ್ನೆಗೆ ಉತ್ತರ ಎರಡು ವರ್ಷಗಳ ತರುವಾಯ ಬೇರೊಂದು ದಿಕ್ಕಿನಿಂದ ಬಂತು.

ಶಿರಸಿ ತಾಲ್ಲೂಕಿನ ಬಾಳೆಗದ್ದೆಯ ಸುತ್ತಿನ ನೈಸರ್ಗಿಕ ಕಾಡನ್ನು ಸವರಿ ಸಾಗುವಾನಿ ನೆಡುವ ಕೆಲಸ ನಡೆದಿತ್ತು. ಅಲ್ಲಿಯ ಲಕ್ಷ್ಮೀನರಸಿಂಹ ಯುವಕ ಮಂಡಳಿಯ ತರುಣರು ಅದನ್ನು ನಿಲ್ಲಿಸಬೇಕೆಂದು ಅರಣ್ಯಾಧಿಕಾರಿಗಳಿಗೆ ಪತ್ರ ಬರೆದರು. ಪತ್ರಕ್ಕೆ ಮನ್ನಣೆ ದೊರೆಯಲಿಲ್ಲ. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರನ್ನು ಊರಿಗೆ ಕರೆಸಿಕೊಂಡರು, ಮರಗಳನ್ನು ಅಪ್ಪಿ ರಕ್ಷಿಸುವೆವೆಂದು ಪ್ರತಿಜ್ಞೆ ಸ್ವೀಕರಿಸಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಮತ್ತು ಸುತ್ತಲ ಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳು ಮಲೆನಾಡಿನ ಮಳೆಗಾಲವಿನ್ನೂ ಮುಗಿಯದ ಹೊತ್ತಿನಲ್ಲಿ ಕಳಸೆಯ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತೋಳುಗಳಿಂದ ಬಳಸಿ ನಿಂತರು. ಆ ಪ್ರತಿಭಟನೆ 38 ದಿನ ಸಾಗಿ, ಸರ್ಕಾರ ಕಡಿತದ ಆದೇಶವನ್ನು ಹಿಂತೆಗೆದುಕೊಂಡಿತು.

ಈ ಚಳವಳಿ ಅಪ್ಪಿಕೋ ಎಂಬ ಹೆಸರು ತಾಳಿತು. ಆ ಹೆಸರಿನ ವಿಚಾರವಾಗಿ ಒಂದು ಮಾತು. ಚಿಪ್ಕೋ ಎಂಬುದು ಹಿಂದಿಯ ಶಬ್ದ, ಅಂಟಿಕೊಳ್ಳುವುದೆಂದು ಅದರ ಅರ್ಥ. ಆಗಲೇ ಲೋಕಪ್ರಸಿದ್ಧವಾಗಿದ್ದ ಆ ಹೆಸರನ್ನೇ ಇಟ್ಟುಕೊಂಡಿದ್ದರೆ ಪತ್ರಿಕೆಗಳಿಗೆ ಸುಲಭವಾಗುತ್ತಿತ್ತು. ಆದರೆ ಅಪ್ಪು ಎಂಬ ನಮ್ಮ ಧಾತು ಅಂಟುವುದಕ್ಕಿಂತ ಮೃದುವಾದದ್ದು, ಎದೆಗೆ ಹತ್ತಿರವಾದದ್ದು. ಬಿದ್ದು ಅಳುವ ಮಗುವನ್ನು ತಾಯಿ ಅಪ್ಪಿಕೊಳ್ಳುತ್ತಾಳೆಯೇ ಹೊರತು ಅಂಟಿಕೊಳ್ಳುವುದಿಲ್ಲ. ಅಪ್ಪಿಕೋ ಎಂದೊಡನೆ ಮಾಡಬೇಕಾದ ಕೆಲಸವೂ ಅದರ ಭಾವವೂ ನಿರಕ್ಷರಿಗೂ ಏಕಕಾಲಕ್ಕೆ ತಿಳಿದುಬಿಡುತ್ತದೆ. ಒಂದು ಚಳವಳಿಯ ಹೆಸರಿಗೆ ಇದಕ್ಕಿಂತ ಹೆಚ್ಚಿನ ಯೋಗ್ಯತೆಯನ್ನು ನಾನು ಕಲ್ಪಿಸಲಾರೆ.

ಚಳವಳಿಯ ನೇತೃತ್ವ ವಹಿಸಿದ ಪಾಂಡುರಂಗ ಹೆಗಡೆಯವರೂ ಸಂಗಡಿಗರೂ ಅನುಸರಿಸಿದ ಕ್ರಮವನ್ನು ಪರಿಶೀಲಿಸಿದರೆ ವಖಾರಿಯ ವಿಂಗಡಣೆ ನೆನಪಾಗುತ್ತದೆ. ಕಡಿಯಲು ಬಂದ ಕೂಲಿಗಳನ್ನು ಅವರು ಶತ್ರುಗಳೆಂದು ಬಗೆಯಲಿಲ್ಲ; ಈ ಕಾಡಿನ ಮರ ಕಡಿಯುವುದಿಲ್ಲವೆಂದು ವನದೇವತೆಯ ಹೆಸರಿನಲ್ಲಿ ಅವರಿಂದ ಆಣೆ ಪಡೆದರು, ಏಕೆಂದರೆ ಕಾನೂನಿನ ಕಲಮು ತಟ್ಟದ ಹೃದಯವನ್ನು ಊರದೇವರ ಹೆಸರು ತಟ್ಟುತ್ತದೆ. ಬೆಣಗಾಂವದ ಕಾಡಿನಲ್ಲಿ ಬಿದಿರೇ ಜೀವನಾಧಾರವಾಗಿದ್ದ ಗುಡ್ಡಗಾಡು ಜನ ಎದ್ದು ನಿಂತರು. ಮರ ಉರುಳಿದೊಡನೆ ಬಿದಿರಿನ ಮರುಹುಟ್ಟೂ ನಿಲ್ಲುತ್ತದೆಂಬುದು ಅವರ ಅನುಭವವೇ ಆಗಿತ್ತು, ಅಡಿಕೆಯ ಮಾತಿಗೆ ಅಲ್ಲಿ ಅವಕಾಶವೇ ಇರಲಿಲ್ಲ. ಸಿದ್ದಾಪುರ ತಾಲ್ಲೂಕಿನ ನಿಡಗೋಡಿನಲ್ಲಿ ಸುಮಾರು 300 ಜನ ಸೇರಿ ಕಡಿತವನ್ನು ತಡೆದರು. ಅಧಿಕಾರಿಗಳಿಗೆ ಹೇಳಬೇಕಾದದ್ದು ಬೇರೆ: ಗುರುತು ಹಾಕಿದ ಒಂದು ಹೆಮ್ಮರ ಬೀಳುವಾಗ ಗುರುತಿಲ್ಲದ ಎಷ್ಟೋ ಮರಗಳು ಮುರಿದು ಸಾಯುತ್ತವೆಂಬುದನ್ನು ಕಾಡಿನ ನೆಲದಲ್ಲಿಯೇ ಎಣಿಸಿ ತೋರಿಸಬೇಕಾಗಿತ್ತು.

ಹಳ್ಳಿಯಿಂದ ಹಳ್ಳಿಗೆ ಈ ಮಾತನ್ನು ಒಯ್ದ ಸಾಧನಗಳು ಪಾದಯಾತ್ರೆ, ಬೀದಿನಾಟಕ, ಜನಪದ ಕುಣಿತ, ಸ್ಲೈಡ್ ಪ್ರದರ್ಶನ. ಈ ಸೀಮೆಯ ಶ್ರೋತೃಗಳ ವಿಷಯದಲ್ಲಿ ಇನ್ನೊಂದು ಅನುಕೂಲವೂ ಇತ್ತೆಂದು ನಾನು ನಂಬುತ್ತೇನೆ. ತಾಳಮದ್ದಳೆಯಲ್ಲಿ ಕರ್ಣನ ಪಕ್ಷವನ್ನೂ ಕೃಷ್ಣನ ಪಕ್ಷವನ್ನೂ ಬೆಳಗಿನ ತನಕ ಕುಳಿತು ಕೇಳಿ, ಯಾರ ಅರ್ಥ ಗಟ್ಟಿಯಾಯಿತೆಂದು ಜಗಲಿಯ ಮೇಲೆ ಮರುದಿನವೂ ಚರ್ಚಿಸುವ ಜನರ ಮುಂದೆ ಏಕಪಕ್ಷೀಯವಾದ ಘೋಷಣೆ ಬಹುಕಾಲ ನಿಲ್ಲಲಾರದು; ಎದುರುವಾದಿಯ ಮಾತನ್ನು ಮೊದಲು ನ್ಯಾಯವಾಗಿ ಹೇಳಿ, ಆಮೇಲೆ ಉತ್ತರಿಸಬೇಕು. ಎದುರುವಾದವಾದರೋ ಸುಳ್ಳಾಗಿರಲಿಲ್ಲ: ಕಾಡು ಮುಚ್ಚಿದರೆ ಬಡವನ ಕೂಲಿ ಎಲ್ಲಿಂದ ಬರಬೇಕು? ಇದನ್ನು ಮರೆಯದಿದ್ದುದರಿಂದಲೇ ಚಳವಳಿಯ ಸೂತ್ರ ಮೂರು ಕ್ರಿಯಾಪದಗಳದ್ದಾಯಿತು: ಉಳಿಸು, ಬೆಳೆಸು, ಬಳಸು. ಮೊದಲನೆಯದು ಕಾಡಿನ ಪರ, ಮೂರನೆಯದು ಕಾಡನ್ನು ನಂಬಿ ಬದುಕುವವನ ಪರ. ನಡುವಿನದು ಎರಡಕ್ಕೂ ದುಡಿಮೆಯ ಸೇತುವೆ. 1984-85ರಲ್ಲಿ ಶಿರಸಿ ತಾಲ್ಲೂಕೊಂದರಲ್ಲಿಯೇ 12 ಲಕ್ಷ ಸಸಿಗಳನ್ನು ಬೆಳೆಸಲಾಯಿತೆಂಬುದು ಆ ನಡುವಿನ ಪದ ಕೇವಲ ಪದವಾಗಿ ಉಳಿಯಲಿಲ್ಲವೆಂಬುದಕ್ಕೆ ಸಾಕ್ಷಿ.

ಎಲ್ಲವೂ ಸರಿಯಾಗಿಯೇ ನಡೆಯಿತೆಂದು ಹೇಳಿದರೆ ಅನ್ಯಾಯವಾದೀತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯವಿದ್ದ ಸೀಮೆಯಿದು. ಮಿತಿಮೀರಿ ಸೊಪ್ಪು ಸವರಿದ ಬೆಟ್ಟಗಳು ಬೋಳಾದುದಕ್ಕೆ ಕಂತ್ರಾಟುದಾರನೊಬ್ಬನನ್ನೇ ಹೊಣೆ ಮಾಡಲಾಗದು. ಸರ್ಕಾರದ ಕೊಡಲಿಯನ್ನು ಕುರಿತು ಗಟ್ಟಿಯಾಗಿ ಆಡಿದ ಮಾತು ತೋಟಗಾರನ ಕತ್ತಿಯನ್ನು ಕುರಿತು ಅಷ್ಟು ಗಟ್ಟಿಯಾಗಿ ಕೇಳಿಬರಲಿಲ್ಲವೆಂಬುದು, ಬೆಟ್ಟವಿಲ್ಲದವರ, ತೋಟವಿಲ್ಲದವರ ದನಿ ಸಭೆಗಳಲ್ಲಿ ತೆಳುವಾಗಿತ್ತೆಂಬುದು ನನ್ನ ಅಭಿಪ್ರಾಯ. ತನ್ನವರಿಗೆ ಅಪ್ರಿಯವಾದುದನ್ನು ತಾನೇ ಹೇಳುವುದು ಯಾವ ಸಂಸ್ಥೆಗಾದರೂ ಅತ್ಯಂತ ಕಠಿಣವಾದ ಸಂವಹನ.

ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾವ ಈಚಿನ ವರ್ಷಗಳಲ್ಲಿ ಮತ್ತೆ ಎದ್ದಿದೆ. ಮತ್ತೆ ಸಭೆಗಳು, ಮತ್ತೆ ಲೆಕ್ಕ, ಮತ್ತೆ ನಿಯೋಗ. ಹೊಸ ತಲೆಮಾರಿನ ಕೈಯಲ್ಲಿ ಮೊಬೈಲು ಇದೆ, ಒಂದು ಕ್ಷಣದಲ್ಲಿ ಸಾವಿರ ಜನಕ್ಕೆ ಒಂದೇ ಸಂದೇಶ ಹೋಗುತ್ತದೆ. ಎಲ್ಲ ಅಡಿಕೆಯನ್ನೂ ಒಂದೇ ಚೀಲಕ್ಕೆ ತುಂಬುವ ಅಪಾಯವೂ ಆದಕಾರಣವೇ ಹೆಚ್ಚಿದೆ. ಅಂದು ಯಾವ ಹಳ್ಳಿಯಲ್ಲಿ ಯಾರೊಡನೆ ಏನು ಮಾತಾಡಬೇಕೆಂದು ಜಗಲಿಯ ಮೇಲೆ ಕುಳಿತು ನಿಶ್ಚಯಿಸಿದವರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ಅವರ ಕೈಬರಹದ ಮನವಿಯ ನಕಲು, ಒಂದು ಕರಪತ್ರ, ಯುವಕ ಮಂಡಳಿಯ ಠರಾವಿನ ಪುಸ್ತಕ ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇದ್ದೀತು. ದಯವಿಟ್ಟು ಈ ಮಳೆಗಾಲ ಹಿಡಿಯುವ ಮೊದಲು ಅದನ್ನು ಕೆಳಗಿಳಿಸಿ, ಒರಲೆ ಹತ್ತಿದ್ದರೆ ಝಾಡಿಸಿ, ಊರ ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸಿರಿ.